ವೀಲ್, ರಾಬರ್ಟ್

ವೇಲ್ಸ್ ದೇಶದ ಅಂತರರಾಷ್ಟ್ರೀಯ ಲಾನ್ ಬೌಲ್ಸ್ ಆಟಗಾರ. 1963ರಲ್ಲಿ ಜನನ. ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಇಪ್ಪತ್ತನಾಲ್ಕು ವರ್ಷಗಳ ಅಂತರದಲ್ಲಿ ಎರಡು ಸಲ ಸ್ವರ್ಣಪದಕವನ್ನು ಗಳಿಸಿ, ಮೊದಲನೆಯದನ್ನು 1986ರಲ್ಲಿ ಎಡಿನ್‌ಬರೊದಲ್ಲಿ ನಾಲ್ವರ ತಂಡದ ಒಬ್ಬ ತರುಣ ಸದಸ್ಯನಾಗಿಯೂ ಎರಡನೆಯದನ್ನು 2010ರಲ್ಲಿ ದೆಹಲಿಯಲ್ಲಿ ಏಕವ್ಯಕ್ತಿ ಸ್ಪರ್ಧೆಯ ವಿಜೇತನಾಗಿಯೂ ಪಡೆದ ಈತ, ಇವೆರಡರ ನಡುವೆ, 2000ದಲ್ಲಿ, ವಿಶ್ವ ಒಳಾಂಗಣ ಬೌಲ್ಸ್ ಚಾಂಪಿಯನ್ ಪದವಿಗೂ ಏರಿದನು. ದೇಹಬಲಕ್ಕಿಂತ ದೂರದ ಅಂದಾಜಿಗೂ, ವೇಗಕ್ಕಿಂತ ಸಂಯಮಕ್ಕೂ ಮನ್ನಣೆ ಕೊಡುವ ಈ ಆಟದಲ್ಲಿ ಆಟಗಾರನೊಬ್ಬನ ಉತ್ತಮ ಕಾಲ ಎಷ್ಟು ದೀರ್ಘವಾಗಿರಬಲ್ಲುದೆಂಬುದಕ್ಕೆ ಈತನ ಕ್ರೀಡಾಜೀವನ ಒಳ್ಳೆಯ ನಿದರ್ಶನ.

ವೀಲ್ ಪ್ರೆಸ್ಟೀನ್ ಎಂಬ ಸಣ್ಣ ಪಟ್ಟಣದವನು. ವೇಲ್ಸಿನ ಪೂರ್ವದ ಅಂಚಿನಲ್ಲಿ, ಇಂಗ್ಲೆಂಡಿನ ಗಡಿಗೆ ತೀರ ತಾಗಿದಂತೆ, ಲಗ್ ಎಂಬ ನದಿಯ ದಂಡೆಯ ಮೇಲಿರುವ ಈ ಊರಿಗೆ ವೆಲ್ಷ್ ಭಾಷೆಯಲ್ಲಿ ಲ್ಯಾನ್ ಆಂಡ್ರಾಸ್ ಎಂಬ ಹೆಸರುಂಟು. ಹಿಂದಿನ ರ್‍ಯಾಡ್ನರ್‌ಷೈರ್ ಕೌಂಟಿಗೆ ಸೇರಿದ್ದ ಇದು ಆ ಕೌಂಟಿಯ ನ್ಯಾಯಸ್ಥಾನವಾಗಿದ್ದಿತು. ಸಂಚಾರೀ ನ್ಯಾಯಾಧೀಶರು ಬಂದು ತಂಗುತ್ತಿದ್ದ ಭವನ ಈಗಲೂ ಅಲ್ಲಿ ಉಳಿದಿದೆ. ಕುರಿಸಾಕಣೆ ಮತ್ತು ವ್ಯವಸಾಯವನ್ನೇ ನೆಚ್ಚಿದ್ದ ರ್‍ಯಾಡ್ನರ್‌ಷೈರ್ ವೇಲ್ಸಿನ ಕೌಂಟಿಗಳಲ್ಲೆಲ್ಲ ಅತ್ಯಲ್ಪ ಜನಸಂಖ್ಯೆಯುಳ್ಳದ್ದಾಗಿದ್ದು, 1974ರ ಪುನರ್ವಿಂಗಡಣೆಯಲ್ಲಿ ಪೊವಿಸ್ ಎಂಬ ವಿಸ್ತಾರವಾದ ಕೌಂಟಿಯೊಳಗೆ ಲೀನವಾಯಿತು. ವೇಲ್ಸಿನ ಬೌಲ್ಸ್ ಪರಂಪರೆಯ ಮುಖ್ಯ ನೆಲೆ ಈ ಹುಲ್ಲುಗಾವಲ ಸೀಮೆಯಲ್ಲಿರದೆ ದಕ್ಷಿಣದ ಕಲ್ಲಿದ್ದಲ ಕಣಿವೆಗಳಲ್ಲಿಯೂ ಕಡಲಂಚಿನ ನಗರಗಳಲ್ಲಿಯೂ ಇದ್ದುದರಿಂದ, ಗಡಿಯ ಮೂಲೆಯೊಂದರಿಂದ ಇಂಥ ಆಟಗಾರ ಮೂಡಿಬಂದುದು ಗಮನಾರ್ಹವೇ ಸರಿ.

ಆ ಪರಂಪರೆಯ ಬಗ್ಗೆ ಎರಡು ಮಾತು ಹೇಳದೆ ಈತನ ಸಾಧನೆಯ ಪ್ರಮಾಣ ತಿಳಿಯದು. ಬೌಲ್ಸ್ ಬ್ರಿಟನ್ನಿನ ಅತಿ ಹಳೆಯ ಆಟಗಳಲ್ಲೊಂದು. ಸೌತಾಂಪ್ಟನ್ನಿನ ಹಳೆಯ ಹುಲ್ಲಂಕಣ 1299ರಿಂದಲೂ ಬಳಕೆಯಲ್ಲಿದೆಯೆಂದು ಅಲ್ಲಿನವರು ಹೇಳಿಕೊಳ್ಳುವುದುಂಟು. ಸಾಮಾನ್ಯರು ಬಿಲ್ಲುವಿದ್ಯೆಯನ್ನು ಮರೆತು ಗುಂಡುರುಳಿಸುತ್ತ ಕಾಲ ಕಳೆಯುವರೆಂಬ ಶಂಕೆಯಿಂದ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1541ರಲ್ಲಿ, ಕುಶಲಕರ್ಮಿಗಳೂ ಕೂಲಿಕಾರರೂ ಸೇವಕರೂ ಕ್ರಿಸ್‌ಮಸ್ ಹಬ್ಬದ ಹೊರತು ಮಿಕ್ಕ ಕಾಲದಲ್ಲಿ ಈ ಆಟವನ್ನಾಡಕೂಡದೆಂದು ಶಾಸನವಾಯಿತು. ಸಿರಿವಂತರಾದ ಭೂಮಾಲಿಕರಿಗೆ ಮಾತ್ರ ತಮ್ಮ ಅಂಗಳದಲ್ಲಿ ಆಡಲು ಅನುಮತಿಯಿದ್ದಿತು. ಮೂರು ಶತಮಾನಗಳ ಕಾಲ ಶಾಸನಪುಸ್ತಕದಲ್ಲಿ ಉಳಿದಿದ್ದ ಈ ನಿರ್ಬಂಧ ರದ್ದಾದುದು 1845ರಲ್ಲಿ. ಅಷ್ಟರಲ್ಲಿ ಎಡ್ವಿನ್ ಬಡಿಂಗ್ ಎಂಬಾತ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದುದರಿಂದ ನುಣುಪಾದ ಅಂಕಣಗಳು ಎಲ್ಲ ಊರುಗಳಿಗೂ ಎಟಕುವಂತಾದುವು. ಗ್ಲಾಸ್ಗೊ ನಗರದ ಡಬ್ಲ್ಯು. ಡಬ್ಲ್ಯು. ಮಿಚೆಲ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆಟದ ನಿಯಮಗಳನ್ನು ಕ್ರಮಗೊಳಿಸಿದನು. ಇಂಗ್ಲಿಷ್ ಬೌಲಿಂಗ್ ಸಂಘ 1903ರಲ್ಲಿ ಸ್ಥಾಪಿತವಾದಾಗ ಅದರ ಪ್ರಥಮ ಅಧ್ಯಕ್ಷನಾದವನು ಕ್ರಿಕೆಟಿನ ಮಹಾಪುರುಷನಾದ ಡಬ್ಲ್ಯು. ಜಿ. ಗ್ರೇಸ್ ಎಂಬುದು ನಮ್ಮ ಓದುಗರಿಗೆ ಆಸಕ್ತಿಯೆನಿಸಬಹುದು. ಮರುವರ್ಷವೇ ವೇಲ್ಸಿನ ಸಂಘವೂ ಹುಟ್ಟಿತು. ಅಂತರರಾಷ್ಟ್ರೀಯ ಬೌಲಿಂಗ್ ಮಂಡಲಿ 1905ರಲ್ಲಿ ರೂಪುಗೊಂಡದ್ದು ವೇಲ್ಸಿನ ಕಾರ್ಡಿಫ್ ನಗರದಲ್ಲಿಯೇ.

ದಕ್ಷಿಣ ವೇಲ್ಸಿನ ಗಣಿಗಾರರಲ್ಲಿ ಆಟ ಬೇರೂರಿದುದಕ್ಕೆ ಒಂದು ಆರ್ಥಿಕ ಕಾರಣವೂ ಉಂಟು. ಗಣಿ ಉದ್ಯಮವನ್ನು ಕುರಿತ 1920ರ ಶಾಸನದ ಮೇರೆಗೆ ಗಣಿಗಳಿಂದ ಮೇಲೆತ್ತಿದ ಪ್ರತಿ ಟನ್ ಕಲ್ಲಿದ್ದಲಿಗೆ ಒಂದು ಪೆನ್ನಿಯಂತೆ ಸಂಗ್ರಹಿಸಿದ ಕ್ಷೇಮಾಭ್ಯುದಯ ನಿಧಿಯಿಂದ ಕಾರ್ಮಿಕರಿಗಾಗಿ ಸಭಾಭವನ, ವಾಚನಾಲಯ, ಆಟದ ಬಯಲುಗಳು ನಿರ್ಮಿತವಾದುವು. ಇವುಗಳ ಜೊತೆಯಲ್ಲಿ ಬೌಲ್ಸ್ ಅಂಕಣಗಳೂ ಬಂದುವು. ಹಗಲೆಲ್ಲ ನೆಲದೊಳಗೆ ಬಾಗಿ ದುಡಿದವರು ಸಂಜೆಯ ಬೆಳಕಿನಲ್ಲಿ ಹುಲ್ಲಿನ ಮೇಲೆ ಆಡುತ್ತಿದ್ದರು. ರೊಂಡ ಕಣಿವೆಯ ಮಾಲ್ಡ್ವಿನ್ ಇವಾನ್ಸ್ 1972ರಲ್ಲಿ ಇಂಗ್ಲೆಂಡಿನ ವರ್ದಿಂಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಏಕವ್ಯಕ್ತಿ ಪದವಿಯನ್ನು ಗೆದ್ದದ್ದು ಈ ಸಾಮಾಜಿಕ ಭೂಮಿಕೆಯಿಂದಲೇ. ವೀಲ್ ಬಾಲಕನಾಗಿದ್ದ ಕಾಲದಲ್ಲಿ ವೇಲ್ಸಿನ ಆಟಗಾರರ ಕಣ್ಣ ಮುಂದೆ ಇದ್ದ ದೊಡ್ಡ ಆದರ್ಶವೆಂದರೆ ಇವಾನ್ಸನ ಆ ವಿಜಯವೇ.

ಆಟದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಸುಮಾರು ಮೂವತ್ತೊಂದರಿಂದ ನಾಲ್ವತ್ತು ಮೀಟರ್ ಉದ್ದದ ಸಮತಲವಾದ ಹುಲ್ಲಂಕಣವನ್ನು ರಿಂಕ್ ಎಂಬ ಪಟ್ಟಿಗಳಾಗಿ ವಿಭಾಗಿಸಿರುತ್ತಾರೆ. ಆಟಗಾರ ಒಂದು ತುದಿಯಲ್ಲಿ ಹಾಸಿದ ಪುಟ್ಟ ಚಾಪೆಯ ಮೇಲೆ ನಿಂತು, ಮೊದಲು ಜ್ಯಾಕ್ ಎಂಬ ಚಿಕ್ಕ ಬಿಳಿಯ ಅಥವಾ ಹಳದಿಯ ಗುಂಡನ್ನು ಉರುಳಿಸಿ ಗುರಿಯನ್ನು ಸ್ಥಾಪಿಸುತ್ತಾನೆ. ಬಳಿಕ ಉಭಯ ಪಕ್ಷದವರೂ ಸರದಿಯಂತೆ ತಮ್ಮ ದೊಡ್ಡ ಗುಂಡುಗಳನ್ನು, ಅಂದರೆ ಬೌಲ್‌ಗಳನ್ನು, ಅದರ ಸಮೀಪಕ್ಕೆ ತಂದು ನಿಲ್ಲಿಸಲು ಯತ್ನಿಸುತ್ತಾರೆ. ಎಲ್ಲ ಗುಂಡುಗಳೂ ಮುಗಿದ ಮೇಲೆ, ಎದುರಾಳಿಯ ಅತ್ಯಂತ ಹತ್ತಿರದ ಗುಂಡಿಗಿಂತಲೂ ಜ್ಯಾಕಿಗೆ ಹತ್ತಿರವಾಗಿ ಎಷ್ಟು ಗುಂಡುಗಳು ಉಳಿದಿವೆಯೋ ಅಷ್ಟು ಅಂಕಗಳು ಆ ಪಕ್ಷಕ್ಕೆ ಸಲ್ಲುತ್ತವೆ. ಇದಿಷ್ಟೇ ಆಗಿದ್ದರೆ ಆಟ ಸುಲಭವೆನಿಸುತ್ತಿತ್ತು. ಆದರೆ ಬೌಲ್ ಪೂರ್ಣಗೋಳವಲ್ಲ. ಅದರ ಒಂದು ಪಾರ್ಶ್ವದ ಉಬ್ಬು ಇನ್ನೊಂದರದಕ್ಕಿಂತ ಭಿನ್ನವಾಗಿರುವುದರಿಂದ ಗುರುತ್ವಕೇಂದ್ರ ನಡುವಿನಿಂದ ಸರಿದಿರುತ್ತದೆ. ತತ್ಪರಿಣಾಮವಾಗಿ ಬೌಲ್ ನೇರವಾಗಿ ಹೊರಟರೂ, ವೇಗ ತಗ್ಗಿದಂತೆಲ್ಲ ವಾಲುವ ಬುಗುರಿಯ ಹಾಗೆ, ಕಡೆಕಡೆಗೆ ಹೆಚ್ಚುಹೆಚ್ಚಾಗಿ ಒಳಕ್ಕೆ ಬಾಗುತ್ತದೆ. ಹಿಂದಿನ ಕಾಲದಲ್ಲಿ ಸೀಸವನ್ನು ತುಂಬಿ ಈ ವಾಲುವಿಕೆಯನ್ನು ಉಂಟುಮಾಡುತ್ತಿದ್ದರು; ಈಗ ಆಕಾರವೊಂದರಿಂದಲೇ ಸಾಧಿಸುತ್ತಾರೆ. ಗುರಿಯ ಕಡೆಗೆ ಗುರಿಯಿಟ್ಟವನ ಬೌಲ್ ಗುರಿಯನ್ನು ತಪ್ಪುತ್ತದೆ. ಎಷ್ಟು ಓರೆಯಾಗಿ, ಎಷ್ಟು ಮಂದವಾಗಿ ಬಿಡಬೇಕೆಂಬ ಲೆಕ್ಕವೇ ಇಲ್ಲಿ ವಿದ್ಯೆ.

ನೆಲದ ಗುಣವೂ ಲೆಕ್ಕಕ್ಕೆ ಸೇರುತ್ತದೆ. ಚಾಪೆಯಿಂದ ಹೊರಟ ಬೌಲ್ ಸುಮಾರು ಇಪ್ಪತ್ತೇಳು ಮೀಟರ್ ದೂರ ಹೋಗಿ ನಿಲ್ಲಲು ಎಷ್ಟು ಸೆಕೆಂಡು ಹಿಡಿಯಿತೆಂಬುದರಿಂದ ಅಂಕಣದ ವೇಗವನ್ನು ಅಳೆಯುತ್ತಾರೆ. ಇಲ್ಲೊಂದು ಸೋಜಿಗವಿದೆ. ಹೆಚ್ಚು ಸೆಕೆಂಡು ಹಿಡಿಯುವ ಅಂಕಣವನ್ನೇ ವೇಗದ ಅಂಕಣವೆನ್ನುವುದು. ಏಕೆಂದರೆ ಅಲ್ಲಿ ಘರ್ಷಣೆ ಕಡಮೆಯಿದ್ದು, ಗುಂಡನ್ನು ಮೆಲ್ಲನೆ ಬಿಟ್ಟರೂ ಅದು ಜಾರುತ್ತ ಬಹುಕಾಲ ಸಾಗುತ್ತದೆ. ತೇವದಿಂದ ಕೂಡಿದ ಬ್ರಿಟನ್ನಿನ ದಟ್ಟ ಹುಲ್ಲಿನಲ್ಲಿ ಹತ್ತು ಹನ್ನೆರಡು ಸೆಕೆಂಡುಗಳು ಸಾಮಾನ್ಯವಾದರೆ, ಆಸ್ಟ್ರೇಲಿಯ ನ್ಯೂಜೀಲೆಂಡುಗಳ ಬಿಗಿಯಾದ ನೆಲದಲ್ಲಿ ಹದಿನಾಲ್ಕರಿಂದ ಹದಿನೆಂಟರವರೆಗೆ ಏರುವುದುಂಟು. ಅಂಥಲ್ಲಿ ಬೌಲಿನ ಬಾಗು ಬಹು ವಿಶಾಲವಾಗುತ್ತದೆ. ಒಂದು ಬಗೆಯ ನೆಲದಲ್ಲಿ ಕೈ ಪಳಗಿದವನು ಇನ್ನೊಂದರಲ್ಲಿ ದಿಕ್ಕುಗಾಣದೆ ಹೋಗುವುದು ಈ ಆಟದ ನಿತ್ಯಾನುಭವ. ವೀಲನ ವಿಜಯಗಳು ಸ್ಕಾಟ್‌ಲೆಂಡಿನ ಹುಲ್ಲು, ಒಳಾಂಗಣದ ಜಮಖಾನೆ, ದೆಹಲಿಯ ಬಿಸಿಲ ಬಯಲು ಎಂಬ ಮೂರು ತೀರ ಭಿನ್ನವಾದ ತಲಗಳಲ್ಲಿ ದೊರೆತುವೆಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪದಕಗಳ ಎಣಿಕೆಗಿಂತ ಈ ಹೊಂದಿಕೊಳ್ಳುವ ಶಕ್ತಿಯನ್ನೇ ಈತನ ಪ್ರಧಾನ ಗುಣವೆಂದು ನಾವು ಭಾವಿಸುತ್ತೇವೆ.

ಎಡಿನ್‌ಬರೊದಲ್ಲಿ 1986ರಲ್ಲಿ ನಡೆದ ಹದಿಮೂರನೆಯ ಕಾಮನ್‌ವೆಲ್ತ್ ಕ್ರೀಡಾಕೂಟ ಕ್ರೀಡೆಗಿಂತ ರಾಜಕಾರಣದಿಂದಲೇ ಹೆಚ್ಚು ನೆನಪಿನಲ್ಲಿ ಉಳಿದಿದೆ. ವರ್ಣಭೇದ ನೀತಿಯನ್ನು ಅನುಸರಿಸುತ್ತಿದ್ದ ದಕ್ಷಿಣ ಆಫ್ರಿಕದೊಡನೆ ಕ್ರೀಡಾಸಂಬಂಧವನ್ನು ಕಡಿದುಕೊಳ್ಳುವ ವಿಷಯದಲ್ಲಿ ಮಾರ್ಗರೆಟ್ ಥ್ಯಾಚರರ ಸರ್ಕಾರ ತೋರಿದ ಔದಾಸೀನ್ಯವನ್ನು ಪ್ರತಿಭಟಿಸಿ, ಅರ್ಹವಾಗಿದ್ದ 59 ದೇಶಗಳಲ್ಲಿ ಭಾರತವೂ ಸೇರಿದಂತೆ 32 ದೇಶಗಳು ಕೂಟವನ್ನು ಬಹಿಷ್ಕರಿಸಿದುವು. ಹಲವು ಸ್ಪರ್ಧೆಗಳ ಕಳೆ ಇದರಿಂದ ಕುಂದಿತೆಂಬುದು ನಿಜ. ಆದರೆ ಬೌಲ್ಸ್ ಆಟದ ಬಲಿಷ್ಠ ರಾಷ್ಟ್ರಗಳಾದ ಇಂಗ್ಲೆಂಡ್, ಸ್ಕಾಟ್‌ಲೆಂಡ್, ಆಸ್ಟ್ರೇಲಿಯ, ನ್ಯೂಜೀಲೆಂಡ್, ಕೆನಡಗಳು ಹಾಜರಿದ್ದುದರಿಂದ, ಜಿಂಬಾಬ್ವೆಯಂಥ ಒಂದೆರಡು ತಂಡಗಳ ಗೈರುಹಾಜರಿಯ ಹೊರತು, ಈ ಆಟದ ಪದಕಗಳ ಬೆಲೆಗೆ ಹೇಳಿಕೊಳ್ಳುವಂಥ ಕೊರತೆಯೇನೂ ತಟ್ಟಲಿಲ್ಲ. ಬಾಲ್‌ಗ್ರೀನ್ ಅಂಕಣಗಳಲ್ಲಿ ನಡೆದ ನಾಲ್ವರ ಸ್ಪರ್ಧೆಯಲ್ಲಿ ವಿಲಿಯಂ ತಾಮಸ್, ಹ್ಯಾಫಡ್ ತಾಮಸ್, ಜಿಮ್ ಮಾರ್ಗನ್ ಇವರೊಡನೆ ಆಡಿದ ಇಪ್ಪತ್ತಮೂರರ ವೀಲ್ ಸ್ವರ್ಣಪದಕದ ಪಾಲುದಾರನಾದನು. ಅದೇ ಕೂಟದಲ್ಲಿ ಮಹಿಳೆಯರ ನಾಲ್ವರ ಸ್ಪರ್ಧೆಯ ಚಿನ್ನವೂ ವೇಲ್ಸಿಗೇ ಬಂದಿತು.

ನಾಲ್ವರ ಆಟದ ಶಿಸ್ತು ಬೇರೆಯೇ ರೀತಿಯದು. ಒಬ್ಬೊಬ್ಬನಿಗೂ ಒಂದು ಸರದಿಗೆ ಎರಡೇ ಗುಂಡುಗಳು. ಮೊದಲಿಗ ಜ್ಯಾಕನ್ನು ಸರಿಯಾದ ದೂರಕ್ಕೆ ಒಯ್ದು ಹತ್ತಿರದಲ್ಲಿ ಬೌಲ್ ನಿಲ್ಲಿಸಬೇಕು. ಎರಡನೆಯವನು ಅದನ್ನು ಭದ್ರಪಡಿಸಬೇಕು ಅಥವಾ ಎದುರಾಳಿಯ ನೆಲೆಯನ್ನು ಕದಡಬೇಕು. ಮೂರನೆಯವನು ಅಳತೆಯ ವ್ಯವಹಾರವನ್ನೂ ನಾಯಕನಿಗೆ ಸಲಹೆ ಕೊಡುವುದನ್ನೂ ನಿರ್ವಹಿಸಬೇಕು. ಸ್ಕಿಪ್ ಎನಿಸಿಕೊಳ್ಳುವ ನಾಯಕ ಎದುರು ತುದಿಯಲ್ಲಿ ನಿಂತು ಎಲ್ಲರನ್ನೂ ನಡೆಸಿ, ಕೊನೆಯ ಎರಡು ಗುಂಡುಗಳಿಂದ ಕೆಟ್ಟದ್ದನ್ನು ನೇರ್ಪಡಿಸಬೇಕು. ತನ್ನ ಚೆಲುವಾದ ಎಸೆತ ತಂಡಕ್ಕೆ ಬೇಡವಾದಾಗ ಅದನ್ನು ಕೈಬಿಟ್ಟು, ಕೇಳಿದ ಕಡೆಗೆ ಗುಂಡನ್ನು ಒಯ್ಯುವ ವಿಧೇಯತೆ ತರುಣರಿಗೆ ಸುಲಭವಾಗಿ ಒಲಿಯುವುದಲ್ಲ. ವೀಲನಿಗೆ ದೊಡ್ಡ ಪ್ರಶಸ್ತಿ ಮೊದಲು ಇಂಥ ತಂಡದಲ್ಲಿಯೇ ದೊರೆತುದು, ನಾಲ್ಕೂ ಗುಂಡುಗಳ ಹೊಣೆಯನ್ನು ಒಬ್ಬನೇ ಹೊರುವ ಏಕವ್ಯಕ್ತಿ ಆಟದಲ್ಲಿ ಈತ ಮುಂದೆ ತೋರಿದ ತಾಳ್ಮೆಗೆ ತಕ್ಕ ಪೂರ್ವಶಿಕ್ಷಣವಾಯಿತೆಂದು ಹೇಳಬಹುದು.

ಮುಂದಿನ ಕಾಲದಲ್ಲಿ ವೀಲ್ ವೇಲ್ಸಿನ ತಂಡದ ಸ್ಥಿರ ಸದಸ್ಯನಾಗಿ ಬೆಳೆದನು. ಏಷ್ಯದಲ್ಲಿ ಪ್ರಪ್ರಥಮವಾಗಿ, 1998ರಲ್ಲಿ ಕೌಲಾಲಂಪುರದಲ್ಲಿ, ನಡೆದ ಕಾಮನ್‌ವೆಲ್ತ್ ಕೂಟದಲ್ಲಿ ಈತನೂ ವಿಲಿಯಂ ತಾಮಸನೂ ಜೋಡಿ ಸ್ಪರ್ಧೆಯ ರಜತಪದಕವನ್ನು ಗಳಿಸಿದರು. ಚಿನ್ನ ಆಸ್ಟ್ರೇಲಿಯದ ಪಾಲಾಯಿತು.

ಒಳಾಂಗಣ ಆಟದಲ್ಲಿ ವೇಲ್ಸಿಗೆ ಅಷ್ಟರಲ್ಲಾಗಲೇ ಗಟ್ಟಿಯಾದ ಹೆಸರಿದ್ದಿತು. ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್ 1979ರಲ್ಲಿ ಸ್ಕಾಟ್‌ಲೆಂಡಿನ ಕೋಟ್‌ಬ್ರಿಜ್‌ನಲ್ಲಿ ಆರಂಭವಾಗಿ, ಮೊದಲ ಮೂರು ವರ್ಷ ಇಂಗ್ಲೆಂಡಿನ ಡೇವಿಡ್ ಬ್ರಯಂಟನ ವಶದಲ್ಲಿದ್ದಿತು. ಸದಾ ತುಟಿಯಲ್ಲಿ ಪೈಪು ಕಚ್ಚಿಕೊಂಡೇ ಆಡುತ್ತಿದ್ದ ಈ ಬ್ರಯಂಟ್ ಹುಲ್ಲಿನ ಅಂಕಣದಲ್ಲಿಯೂ 1966, 1980, 1988ರ ವಿಶ್ವ ಏಕವ್ಯಕ್ತಿ ಪದವಿಗಳನ್ನು ಗೆದ್ದು, ಕಾಮನ್‌ವೆಲ್ತ್ ಏಕವ್ಯಕ್ತಿ ಚಿನ್ನವನ್ನು ನಾಲ್ಕು ಸಲ ಪಡೆದವನು. ಆ ಕಾಲದ ಎಲ್ಲ ಆಟಗಾರರನ್ನೂ ಅವನ ಅಳತೆಗೋಲಿನಿಂದಲೇ ಅಳೆಯುವುದು ವಾಡಿಕೆಯಾಗಿತ್ತು. ವೇಲ್ಸಿನ ಟೆರಿ ಸಲಿವನ್ 1985ರಲ್ಲಿಯೂ ಜಾನ್ ಪ್ರೈಸ್ 1990ರಲ್ಲಿಯೂ ಒಳಾಂಗಣ ವಿಶ್ವ ಪದವಿಯನ್ನು ತಮ್ಮ ದೇಶಕ್ಕೆ ತಂದರು. ಇತ್ತ ಮಹಿಳೆಯರಲ್ಲಿ ಜಾನೆಟ್ ಆಕ್ಲಂಡ್ 1988ರಲ್ಲಿ ನ್ಯೂಜೀಲೆಂಡಿನ ಆಕ್ಲೆಂಡ್ ನಗರದಲ್ಲಿ ಹೊರಾಂಗಣದ ವಿಶ್ವ ಏಕವ್ಯಕ್ತಿ ಚಾಂಪಿಯನ್ ಆದಳು. ಆಟಗಾರ್ತಿಯ ಹೆಸರೂ ಆಟ ನಡೆದ ಊರಿನ ಹೆಸರೂ ಹೀಗೆ ಪ್ರಾಸವಿಟ್ಟು ಕೂಡಿಬಂದುದು ಒಂದು ವಿನೋದ.

ವೀಲನ ಸರದಿ 2000ದಲ್ಲಿ ಬಂದಿತು. ಒಳಾಂಗಣ ಚಾಂಪಿಯನ್‌ಷಿಪ್ ಆಗ ಇಂಗ್ಲೆಂಡಿನ ನಾರ್ಫೊಕ್ ತೀರದ ಹಾಪ್ಟನ್ ಎಂಬ ಊರಿನ ವಿಹಾರಧಾಮಕ್ಕೆ ಸ್ಥಳಾಂತರಗೊಂಡು ಒಂದೇ ವರ್ಷವಾಗಿತ್ತು. ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಹುಲ್ಲಿನ ತೇವವಿಲ್ಲ. ಜಮಖಾನೆಯ ತಲ ಬೆಳಗಿನಿಂದ ಸಂಜೆಯವರೆಗೂ ಹೆಚ್ಚು ಕಡಮೆ ಒಂದೇ ಗುಣದಲ್ಲಿ ಇರುತ್ತದೆ. ಪ್ರೇಕ್ಷಕರು ಅಂಕಣಕ್ಕೆ ತೀರ ಹತ್ತಿರದಲ್ಲಿ ಕುಳಿತು, ದೂರದರ್ಶನದ ಕ್ಯಾಮೆರಾಗಳು ಒಂದೊಂದು ಗುಂಡಿನ ಜಾಡನ್ನೂ ಹಿಂಬಾಲಿಸುತ್ತಿರುತ್ತವೆ. ಪ್ರಕೃತಿಯ ಮೇಲೆ ತಪ್ಪು ಹೊರಿಸಲು ಇಲ್ಲಿ ಎಡೆಯಿಲ್ಲವಾದುದರಿಂದ ನಿಖರತೆಯ ಮಟ್ಟ ಬಹಳ ಮೇಲಿನದು. ಬೆರಳಗಲದ ಅಂತರದಿಂದ ಸೆಟ್ಟುಗಳು ಕೈತಪ್ಪಿಹೋಗುತ್ತವೆ. ಆ ವರ್ಷದ ಅಂತಿಮ ಪಂದ್ಯದಲ್ಲಿ ವೀಲನಿಗೆ ಎದುರಾದವನು ಹತ್ತು ವರ್ಷಗಳ ಹಿಂದಿನ ಚಾಂಪಿಯನ್ನನೂ ಸ್ವದೇಶೀಯನೂ ಆದ ಜಾನ್ ಪ್ರೈಸ್. ಆಗ ಮೂವತ್ತು ಲಕ್ಷದಷ್ಟೂ ಜನರಿಲ್ಲದಿದ್ದ ಒಂದು ದೇಶದವರೇ ಇಬ್ಬರೂ ವಿಶ್ವ ಪದವಿಗಾಗಿ ಪರಸ್ಪರ ಸೆಣಸಿದ ಈ ಪಂದ್ಯದಲ್ಲಿ ವೀಲ್ ಗೆದ್ದನು.

ಈತನ ಕ್ರೀಡಾಜೀವನದ ಶಿಖರ ದೆಹಲಿಯಲ್ಲಿ ಬಂದಿತು. ಹತ್ತೊಂಬತ್ತನೆಯ ಕಾಮನ್‌ವೆಲ್ತ್ ಕ್ರೀಡಾಕೂಟ 2010ರ ಅಕ್ಟೋಬರ್ 3ರಿಂದ 14ರವರೆಗೆ ಅಲ್ಲಿ ನಡೆದಾಗ, ಲಾನ್ ಬೌಲ್ಸ್ ಅಂಕಣಗಳನ್ನು ಜವಾಹರಲಾಲ್ ನೆಹರೂ ಕ್ರೀಡಾಸಂಕೀರ್ಣದಲ್ಲಿ ನಿರ್ಮಿಸಿದ್ದರು. ಸಿದ್ಧತೆಯ ವಿಳಂಬ, ಹಣದ ದುರುಪಯೋಗದ ಆರೋಪ, ವಸತಿಯ ಶುಚಿತ್ವವನ್ನು ಕುರಿತ ದೂರು ಇವುಗಳ ಗದ್ದಲದಲ್ಲಿ ಆ ಕೂಟ ಆರಂಭವಾದುದು ನಮ್ಮವರಿಗೆಲ್ಲ ನೆನಪಿದೆ. ಆ ಗದ್ದಲದ ನಡುವೆ, ಓಟಗಾರರ ಹೆಸರನ್ನೂ ಕುಸ್ತಿಪಟುಗಳ ಹೆಸರನ್ನೂ ಬಲ್ಲ ಭಾರತೀಯ ಪ್ರೇಕ್ಷಕನಿಗೆ ಈ ಹುಲ್ಲಿನ ಮೇಲಣ ಮೌನದ ಆಟ ಬಹುಮಟ್ಟಿಗೆ ಅಪರಿಚಿತವಾಗಿಯೇ ಉಳಿಯಿತು. ಅಲ್ಲಿ ನೆರೆದಿದ್ದ ಬೌಲರುಗಳ ವಯಸ್ಸನ್ನು ಕಂಡವರಿಗೆ ಬೆರಗಾಗದೆ ಇರುತ್ತಿರಲಿಲ್ಲ. ಸ್ಕಾಟ್‌ಲೆಂಡಿನ ವಿಲಿ ವುಡ್ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ತನ್ನ ಎಂಟನೆಯ ಕಾಮನ್‌ವೆಲ್ತ್ ಕೂಟವನ್ನು ಆಡುತ್ತಿದ್ದನು. ನಾಲ್ವತ್ತೇಳರ ವೀಲ್ ಅವನೆದುರು ಇನ್ನೂ ತರುಣನೇ.

ಸೆಟ್ಟುಗಳ ಪದ್ಧತಿಯಲ್ಲಿ ನಡೆದ ಏಕವ್ಯಕ್ತಿ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ವೀಲ್ ಆಸ್ಟ್ರೇಲಿಯದ ಲೀಫ್ ಸೆಲ್ಬಿಯನ್ನು ಸೋಲಿಸಿದನು. ಉತ್ತರ ಐರ್ಲೆಂಡಿನ ಗ್ಯಾರಿ ಕೆಲಿ ಕಂಚಿನ ಪದಕ ಪಡೆದನು. ಸೆಲ್ಬಿ ಸಾಮಾನ್ಯನಾದ ಪ್ರತಿಸ್ಪರ್ಧಿಯಲ್ಲವೆಂಬುದು ಎರಡು ವರ್ಷಗಳ ಬಳಿಕ, 2012ರಲ್ಲಿ ಅಡಿಲೇಡಿನಲ್ಲಿ, ಅವನೇ ವಿಶ್ವ ಏಕವ್ಯಕ್ತಿ ಚಾಂಪಿಯನ್ನನಾದುದರಿಂದ ಸ್ಪಷ್ಟವಾಗುತ್ತದೆ. ಹಳೆಯ ಪದ್ಧತಿಯಲ್ಲಿ ಇಪ್ಪತ್ತೊಂದು ಅಂಕಗಳನ್ನು ಮೊದಲು ಮುಟ್ಟಿದವನೇ ಗೆದ್ದಂತೆ. ಆರಂಭದಲ್ಲಿ ಹಿಂದೆ ಬಿದ್ದವನಿಗೂ ನಿಧಾನವಾಗಿ ಚೇತರಿಸಿಕೊಳ್ಳಲು ಅವಕಾಶವಿದ್ದಿತು. ಸೆಟ್ಟುಗಳ ಪದ್ಧತಿ ಆಟವನ್ನು ಚಿಕ್ಕ ಚಿಕ್ಕ ತುಂಡುಗಳನ್ನಾಗಿಸಿ ಒಂದೊಂದು ಗುಂಡಿಗೂ ಹೆಚ್ಚು ಭಾರವನ್ನು ಹೊರಿಸುತ್ತದೆ. ಇದು ನರಗಳು ಚುರುಕಾಗಿರುವ ಯುವಕರಿಗೆ ಅನುಕೂಲವೆಂದು ಕೆಲವರ ಮತ. ಹಳೆಯ ಪದ್ಧತಿಯಲ್ಲಿ ಬೆಳೆದು ಹೊಸತರಲ್ಲಿ ಗೆದ್ದ ವೀಲನ ಉದಾಹರಣೆಯನ್ನು ಕಂಡಾಗ ಆ ಮತವನ್ನು ಪೂರ್ಣವಾಗಿ ಒಪ್ಪುವುದು ಕಷ್ಟ.

ದೆಹಲಿಯ ವಿಜಯದ ತೂಕವನ್ನು ತಿಳಿಯಲು ಆ ಸ್ಪರ್ಧೆಯ ಇತಿಹಾಸವನ್ನು ಒಮ್ಮೆ ತಿರುವಿನೋಡಬೇಕು. ಕೆನಡದ ಹ್ಯಾಮಿಲ್ಟನ್ನಿನಲ್ಲಿ 1930ರಲ್ಲಿ ನಡೆದ ಮೊದಲ ಎಂಪೈರ್ ಕೂಟದಿಂದಲೂ, 1966ರ ಕಿಂಗ್‌ಸ್ಟನ್ ಕೂಟವೊಂದನ್ನು ಬಿಟ್ಟು, ಬೌಲ್ಸ್ ಎಲ್ಲ ಕೂಟಗಳಲ್ಲಿಯೂ ಇದ್ದಿತು. ಪುರುಷರ ಏಕವ್ಯಕ್ತಿ ಚಿನ್ನ ಇಂಗ್ಲೆಂಡ್, ಸ್ಕಾಟ್‌ಲೆಂಡ್, ದಕ್ಷಿಣ ಆಫ್ರಿಕ, ನ್ಯೂಜೀಲೆಂಡ್, ಆಸ್ಟ್ರೇಲಿಯ, ಜಿಂಬಾಬ್ವೆ ಮುಂತಾದ ದೇಶಗಳನ್ನು ಸುತ್ತಿ ಬಂದಿದ್ದರೂ ವೇಲ್ಸಿನ ಹೊಸ್ತಿಲನ್ನು ತುಳಿದಿರಲಿಲ್ಲ. ಕೂಟ 1958ರಲ್ಲಿ ಕಾರ್ಡಿಫಿನಲ್ಲಿಯೇ ನಡೆದಾಗಲೂ ಆ ಚಿನ್ನವನ್ನು ಕೊಂಡೊಯ್ದವನು ದಕ್ಷಿಣ ಆಫ್ರಿಕದ ಪಿಂಕಿ ಡ್ಯಾನಿಲೊವಿಟ್ಜ್. ಎಂಬತ್ತು ವರ್ಷಗಳ ಈ ಕಾಯುವಿಕೆಯನ್ನು ಕೊನೆಗಾಣಿಸಿದವನು ಪ್ರೆಸ್ಟೀನಿನ ವೀಲ್.

ಹೊರಾಂಗಣದ ವಿಶ್ವ ಏಕವ್ಯಕ್ತಿ ಪದವಿಯೊಂದು ಈತನ ಕೈಸೇರಲಿಲ್ಲ. ಆ ಸಾಲಿನಲ್ಲಿ ಬ್ರಯಂಟ್, ಟೋನಿ ಆಲ್‌ಕಾಕ್, ನ್ಯೂಜೀಲೆಂಡಿನ ಪೀಟರ್ ಬೆಲಿಸ್ ಮೊದಲಾದವರ ಮಟ್ಟಕ್ಕೆ ಈತನನ್ನು ಏರಿಸುವುದು ಅತಿಶಯವಾದೀತು. ಸ್ವದೇಶದಲ್ಲಿಯೂ ಆ ಗೌರವ ಪುರುಷರ ಪೈಕಿ ಮಾಲ್ಡ್ವಿನ್ ಇವಾನ್ಸನಿಗೆ ಸಲ್ಲುತ್ತದೆ. ಆದರೂ ತಂಡದಲ್ಲಿ, ಜೋಡಿಯಲ್ಲಿ, ಏಕಾಂಗಿಯಾಗಿ, ಹುಲ್ಲಿನ ಮೇಲೆ, ಜಮಖಾನೆಯ ಮೇಲೆ, ಕಾಲು ಶತಮಾನದ ಕಾಲ ಒಂದೇ ಮಟ್ಟದಲ್ಲಿ ನಿಂತು ಆಡಿದ ಸಮಗ್ರತೆಯಲ್ಲಿ ವೇಲ್ಸಿನ ಯಾವೊಬ್ಬ ಬೌಲರನೂ ವೀಲನನ್ನು ಮೀರಿಸಿದಂತೆ ಕಾಣುವುದಿಲ್ಲ. ಈತನ ಬಳಿಕ ಡೇನಿಯಲ್ ಸಾಮನ್ 2018ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟಿನಲ್ಲಿ ಮಾರ್ಕ್ ವಾಯೆಟ್ಟನ ಜೊತೆಗೂ, 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಜ್ಯಾರಡ್ ಬ್ರೀನನ ಜೊತೆಗೂ ಜೋಡಿ ಸ್ಪರ್ಧೆಯ ಚಿನ್ನವನ್ನು ಗೆದ್ದು ಪರಂಪರೆಯನ್ನು ಮುಂದುವರಿಸಿದ್ದಾನೆ. ಬರ್ಮಿಂಗ್‌ಹ್ಯಾಮ್ ಕೂಟದ ಬೌಲ್ಸ್ ಸ್ಪರ್ಧೆಗಳು ಲೆಮಿಂಗ್ಟನ್ ಸ್ಪಾ ಪಟ್ಟಣದ ವಿಕ್ಟೋರಿಯ ಉದ್ಯಾನದಲ್ಲಿ ನಡೆದುವು. ಅಲ್ಲಿಯೇ ಭಾರತದ ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ಇವರ ತಂಡ ದಕ್ಷಿಣ ಆಫ್ರಿಕವನ್ನು 17-10ರಿಂದ ಸೋಲಿಸಿ ಮಹಿಳೆಯರ ನಾಲ್ವರ ಸ್ಪರ್ಧೆಯ ಸ್ವರ್ಣವನ್ನು ತಂದಮೇಲೆ, ದೆಹಲಿಯಲ್ಲಿ ಯಾರೂ ಕಣ್ಣೆತ್ತಿ ನೋಡದಿದ್ದ ಆಟದ ಹೆಸರು ನಮ್ಮ ಪತ್ರಿಕೆಗಳ ಮೊದಲ ಪುಟಕ್ಕೆ ಬಂದಿತು. ಪುರುಷರ ಏಕವ್ಯಕ್ತಿ ಚಿನ್ನ ಮಾತ್ರ 2014ರಲ್ಲಿ ಸ್ಕಾಟ್‌ಲೆಂಡಿಗೂ 2018 ಮತ್ತು 2022ರಲ್ಲಿ ಆಸ್ಟ್ರೇಲಿಯಕ್ಕೂ ಸಂದಿತು. ಅದನ್ನು ಗೆದ್ದ ವೇಲ್ಸಿನವನು 2022ರ ಕೂಟದವರೆಗೂ ರಾಬರ್ಟ್ ವೀಲ್ ಒಬ್ಬನೇ.